ಅತ್ತೆಯವರ ಅಡಕತ್ತರಿ

ನಮ್ಮ ಅತ್ತೆಯವರ ಬಾಯಲ್ಲಿ ಹಲ್ಲಿರಲಿಲ್ಲ. ನಾನು ಗುಣವಾದದ್ದಕ್ಕೆ ಅರ್ಧ ಕಾರಣ ಅದೇ ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಗುವುದು ಹೇಗೆ ಅನ್ನುವುದನ್ನೇ ಮರೆತು ಕೂತಿದ್ದವಳ ಕತೆ ಇದು. ಓದುವವರಾದರೂ ನಕ್ಕರೆ ನನಗೆ ಸಂತೋಷವೇ.

ಬರೆಯಬೇಕು ಅನ್ನಿಸಿದ್ದು ನನ್ನ ಮಗಳು ಗಂಗೆಯಿಂದ. ಅವಳೀಗ ಬಸುರಿ. ಚೊಚ್ಚಲ ಹೆರಿಗೆಗೆ ಹುಣಸೂರಿಗೆ, ನಮ್ಮ ಮನೆಗೆ ಬರುತ್ತಿದ್ದಾಳೆ. ಅವಳಿಗಾಗಿ ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸುತ್ತಾ ನಿಂತಿದ್ದಾಗ ನನ್ನದೇ ಬಾಣಂತನ ಕಣ್ಣ ಮುಂದೆ ಬಂತು. ನನಗೆ ಬಂದಂಥ ಕಾಯಿಲೆ ಲೋಕದಲ್ಲಿ ಇನ್ಯಾರಿಗೂ ಬಂದಿಲ್ಲ ಎಂದು ಆಗ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಬೀದಿಗೊಬ್ಬರಾದರೂ ಇದ್ದರು, ಯಾರೂ ಬಾಯಿ ಬಿಡುತ್ತಿರಲಿಲ್ಲ ಅಷ್ಟೇ. ನಾನು ಮೊದಲಿನಿಂದಲೂ ಬಾಯಿಬಡುಕಿ. ಆದ್ದರಿಂದ ನಾನೇ ಬಾಯಿ ಬಿಡುತ್ತೇನೆ.

ನನ್ನ ತವರು ಭೇರ್ಯ. ಆಗಿನ್ನೂ ನಮ್ಮ ತಾಲ್ಲೂಕಿನ ಎಡತೊರೆ ಹೊಳೆಯ ದಡದಲ್ಲೇ ಇತ್ತು, ಅದರ ಬದಲಿಗೆ ಕಟ್ಟಿದ ಕೃಷ್ಣರಾಜನಗರ ಎಂಬ ಊರು ಹುಟ್ಟಿರಲಿಲ್ಲ. ಗಂಗೆಯನ್ನು ಹೆತ್ತದ್ದು ತವರಿನಲ್ಲೇ. ನನ್ನವ್ವ ಬಾಣಂತನದಲ್ಲಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೂರು ಹೊತ್ತೂ ಮೆಣಸಿನ ಸಾರು, ಬಾಗಿಲಿಗೆ ಕಂಬಳಿಯ ಪರದೆ, ಸಾಂಬ್ರಾಣಿ ಹೊಗೆ. ನೀರು ಕೇಳಿದರೆ ಮಾತ್ರ ಗುಟುಕು ಲೆಕ್ಕ. ತಲೆದಿಂಬಿನ ಕೆಳಗೆ ಒಂದು ಅಡಕತ್ತರಿ. ಬಾಣಂತಿ ಇರುವ ಕೋಣೆಯಲ್ಲಿ ಕಬ್ಬಿಣ ಇದ್ದರೆ ಗಾಳಿ ಸೋಕುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಬಡವರ ಮನೆಯಾದರೆ ಕುಡುಗೋಲು, ಇದ್ದವರ ಮನೆಯಾದರೆ ಹಿತ್ತಾಳೆ ಹಿಡಿಯ ಅಡಕತ್ತರಿ.

ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಮಗು ಮಲಗಿದ್ದರೂ ನಾನು ಮಲಗುತ್ತಿರಲಿಲ್ಲ. ಅನ್ನ ಬಾಯಿಗೆ ಹಾಕಿದರೆ ಮಣ್ಣು. ಕಾರಣವಿಲ್ಲದೆ ಅಳು, ಅಳು ನಿಂತರೆ ಅದಕ್ಕಿಂತ ಕೆಟ್ಟದಾದ ಒಂದು ಬರಿದು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಒಂದು ದಿನ ಅವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುತ್ತಿದ್ದಾಗ, ಹಂಡೆಯಲ್ಲಿ ಕುದಿಯುತ್ತಿದ್ದ ನೀರು ನೋಡಿ, ನನ್ನ ಕೈಯೇ ಈ ಮಗುವಿಗೆ ಏನಾದರೂ ಮಾಡಿಬಿಟ್ಟರೆ ಎಂಬ ಯೋಚನೆ ಬಂತು. ಮಾಡಬೇಕು ಎಂದಲ್ಲ. ಮಾಡಿಬಿಟ್ಟರೆ ಎಂದು. ಆ ಹೊತ್ತಿನಿಂದ ನನ್ನ ಕೈ ಕಂಡರೆ ನನಗೇ ಭಯ. ಮಗು ಅತ್ತರೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂರುತ್ತಿದ್ದೆ.

ಹೇಗೋ ಧೈರ್ಯ ಮಾಡಿ ಅವ್ವನಿಗೆ ಹೇಳಿದೆ. “ಅವ್ವ, ಕೂಸ್ನ ನನ್ನ ತಾವ ಬುಡಬ್ಯಾಡ.”

ಅವ್ವನ ಮುಖ ಸುಣ್ಣವಾಯಿತು. ಹೊರಗೆ ಹೋಗಿ ಅಪ್ಪನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು. “ಬಾಣಂತಿ ಸನ್ನಿ ಕಣ್ರೀ. ನಮ್ ಪಾರ್ವತಿಗೆ ಸನ್ನಿ ಹಿಡಿದದೆ.”

ಅಂದಿನಿಂದ ಮಗು ನನ್ನ ಅತ್ತಿಗೆಯ ಮಡಿಲಿಗೆ ಹೋಯಿತು. ಅವಳಿಗೂ ಆಗ ಎಳೆಮಗುವಿತ್ತು. ನನಗೆ ಮಂತ್ರ ಹಾಕಿಸಿದರು, ರಟ್ಟೆಗೆ ದಾರ ಕಟ್ಟಿದರು, ಪರದೆಯ ಮೇಲೆ ಇನ್ನೊಂದು ಪರದೆ ಬಿತ್ತು. ಅವ್ವ ನನ್ನ ತಲೆ ತಾನೇ ಬಾಚಿ, ತುತ್ತು ತಾನೇ ಬಾಯಿಗಿಟ್ಟು, ಒಂದು ಲೋಟ ಎತ್ತುವುದಕ್ಕೂ ಬಿಡದೆ ನೋಡಿಕೊಂಡಳು. ಪ್ರೀತಿಗೆ ಏನೂ ಕೊರತೆಯಿರಲಿಲ್ಲ. ಆದರೆ ಒಂದು ಮಧ್ಯಾಹ್ನ ದಿಂಬಿನ ಕೆಳಗೆ ಕೈ ಹಾಕಿದರೆ ಅಡಕತ್ತರಿ ಇಲ್ಲ. ನನ್ನನ್ನು ಕಾಯುವುದಕ್ಕೆ ಇಟ್ಟಿದ್ದನ್ನು ನನಗೇ ಹೆದರಿ ತೆಗೆದಿದ್ದರು. ಆಗ ನನಗನ್ನಿಸಿತು, ಹಾಗಾದರೆ ನಾನು ಹೆದರಿದ್ದೆಲ್ಲ ನಿಜವೇ ಇರಬೇಕು. ಆ ದಿನಕ್ಕಿಂತ ಕೆಟ್ಟ ದಿನ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ.

ಸುದ್ದಿ ಹುಣಸೂರಿಗೆ ಮುಟ್ಟಿತು. ಅತ್ತೆ ಮಲ್ಲಾಜಮ್ಮನವರು ಕಮಾನು ಗಾಡಿ ಕಟ್ಟಿಸಿಕೊಂಡು ಬಂದರು, ಜೊತೆಗೆ ನಮ್ಮ ಯಜಮಾನರು. ಅತ್ತೆ ಎಂದರೆ ನನಗೆ ಮೊದಲೇ ನಡುಕ. ಅವರು ಕೆಮ್ಮಿದರೆ ಎತ್ತುಗಳೂ ಸರಿಯಾಗಿ ಹೆಜ್ಜೆ ಹಾಕುತ್ತವೆ ಎಂದು ಪೇಟೆಬೀದಿಯಲ್ಲಿ ಆಡಿಕೊಳ್ಳುತ್ತಿದ್ದರು. ಒಳಗೆ ಬಂದವರೇ ಎರಡೂ ಪರದೆ ಸರಿಸಿ, ನನ್ನ ಪಕ್ಕ ಕೂತು, ದಿಂಬು ಎತ್ತಿ ನೋಡಿದರು.

“ಅಡಕತ್ತರಿ ಎಲ್ಲವ್ವ?” ಎಂದು ಅವ್ವನನ್ನು ಕೇಳಿದರು.

ಅವ್ವ ತಲೆ ತಗ್ಗಿಸಿದಳು. “ಅವಳ ಕೈಗೆ ಕಬ್ಬಣ ಸಿಗಬಾರ್ದು ಅಕ್ಕಾ.”

ಬೈಯುತ್ತಾರೆ ಎಂದು ನಾನು ಕಾದೆ. ಅವರು ಎದ್ದು ಬಾಗಿಲಿಗೆ ಹೋಗಿ ಮಗನಿಗೆ ಹೇಳಿದರು. “ಎತ್ತು ಬಿಚ್ಚಬ್ಯಾಡ ಕಣ್ಲಾ. ನೀರು ತೋರ್ಸು. ಈಗ್ಲೇ ವಾಪಸ್ ಹೊಂಡಬೇಕು.”

ಒಳ್ಳೆ ದಿನ ನೋಡದೆ, ಮಡಿಲು ತುಂಬದೆ ಬಾಣಂತಿಯನ್ನು ಕಳಿಸುವುದುಂಟೇ ಎಂದು ಅವ್ವ ಅತ್ತಳು. ಅತ್ತೆ ಅವಳ ಕೈ ಹಿಡಿದುಕೊಂಡರು. “ನೀನು ಚೆನ್ನಾಗೇ ನೋಡ್ಕಂಡಿದ್ದೀಯ ತಾಯಿ, ಯಾರೂ ಇಲ್ಲ ಅನ್ನಾಕಿಲ್ಲ. ಆದ್ರೆ ಇವಳ ಕೈಯಾಗೆ ಏನೂ ಉಳ್ಸಿಲ್ಲ ನೀನು. ಮಡಿಲಿಗೆ ವಸಿ ಅಕ್ಕಿ ಬೆಲ್ಲ ಆಕು, ಇವತ್ತೇ ಒಳ್ಳೆ ದಿನ.” ಆ ದಾರಿಯುದ್ದಕ್ಕೂ ಮಗು ಅತ್ತೆಯ ತೊಡೆಯ ಮೇಲೆ, ನಾನು ಗಾಡಿಯ ಹಿಂದೆ ಬಯಲು ಕಾಣುವ ಕಡೆ. ತಿಂಗಳುಗಳ ಮೇಲೆ ಬಿಸಿಲು ಮೈಗೆ ಬಿದ್ದದ್ದು ಆವತ್ತು.

ಹುಣಸೂರು ಮುಟ್ಟಿದ ಮಾರನೆಯ ದಿನ ಬೆಳಗ್ಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೈಸೂರಿನಿಂದ ಆಗಾಗ ಒಬ್ಬ ಲೇಡಿ ಡಾಕ್ಟರು ಬಂದು ಹೋಗುತ್ತಿದ್ದರು. ಜಗಲಿಯ ತುಂಬ ಹೆಗ್ಗಡದೇವನಕೋಟೆ ಕಡೆಯ ಕಾಡುಜ್ವರದವರು, ಕಂಬಳಿ ಹೊದ್ದು ಗಡಗಡ ನಡುಗುತ್ತಾ ಕ್ವಿನೈನಿಗೆ ಕಾಯುತ್ತಿದ್ದರು. ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ನಿಜವಾಗಿ ಹೇಳುತ್ತೇನೆ. ಅವರ ಕಾಯಿಲೆ ಎಲ್ಲರಿಗೂ ಕಾಣುತ್ತಿತ್ತು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು, “ನಿಂಗೇನವ್ವ ಜಡ್ಡು, ಗುಂಡುಕಲ್ಲಿನಂಗಿದ್ದೀಯಲ್ಲ,” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವಳ ಕಡೆ ತಿರುಗಿ, “ಒಳಗಡೆ ಜ್ವರ ಕಣಮ್ಮ,” ಎಂದರು. ಮುದುಕಿ, “ಅಯ್ಯೋ ಪಾಪ,” ಎಂದು ತನ್ನ ಕಂಬಳಿಯ ಒಂದು ತುದಿಯನ್ನು ನನ್ನ ಕಾಲ ಮೇಲೆ ಎಳೆದಳು. ನಡುಗುತ್ತಿದ್ದವಳು ಅವಳು.

ಡಾಕ್ಟರು ಅತ್ತೆಯನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ನಾಡಿ ನೋಡಿ, ನಿದ್ದೆ ಊಟ ವಿಚಾರಿಸಿ, ಆಮೇಲೆ ತೀರ ಮಾಮೂಲಿ ದನಿಯಲ್ಲಿ ಕೇಳಿದರು. “ಮಗುಗೆ ನಾನೇ ಏನಾದ್ರೂ ಮಾಡಿಬಿಡ್ತೀನೇನೋ ಅಂತ ಹೆದರಿಕೆ ಆಗತ್ತಾಮ್ಮ?”

ನಾನು ಹೇಳದೆ ಅವರಿಗೆ ಹೇಗೆ ಗೊತ್ತಾಯಿತು ಎಂದು ಅವರ ಮುಖವನ್ನೇ ನೋಡಿದೆ. ಆಮೇಲೆ ನನಗೆ ಅಳು ಬಂತು, ಎಷ್ಟು ಅತ್ತೆನೆಂದರೆ ಕಾಂಪೌಂಡರು ಇಣುಕಿ ನೋಡಿ ಹೋದ.

“ನಿಮ್ಮ ಥರ ಹೆದರೋ ತಾಯಂದಿರನ್ನ ಬಹಳ ನೋಡಿದೀನಿ,” ಎಂದರು ಡಾಕ್ಟರು. “ಇದು ಕಾಯಿಲೆ. ಆ ಯೋಚನೆ ಕಾಯಿಲೆದು, ನಿಮ್ಮದಲ್ಲ. ಹೋಗತ್ತೆ, ಆದರೆ ನಿಧಾನಕ್ಕೆ ಹೋಗತ್ತೆ. ಹೆಚ್ಚಾದರೆ ಮುಚ್ಚಿಡಬೇಡಿ, ಅತ್ತೆಗೆ ಹೇಳಿ, ಇಲ್ಲಿಗೆ ಬನ್ನಿ.” ನಿದ್ದೆಗೆ ಒಂದು ಔಷಧಿ ಬರೆದರು. ಅತ್ತೆಯನ್ನು ಕರೆದು, ಹೊತ್ತಿಗೆ ಸರಿಯಾಗಿ ಊಟ, ಬೇಕಾದಷ್ಟು ನೀರು, ಬಿಸಿಲು, ನಡಿಗೆ, ಕೈಗೆ ಸಣ್ಣ ಕೆಲಸ, ಒಂಟಿಯಾಗಿ ಬಿಡಬಾರದು, ಮಗು ಕಣ್ಣೆದುರಿಗೇ ಇರಬೇಕು ಎಂದು ಹೇಳಿದರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿ, “ನೀರು ಕೊಡಬೌದಾ ತಾಯಿ ಬಾಣಂತಿಗೆ?” ಎಂದು ಅದೊಂದನ್ನೇ ಮತ್ತೆ ಕೇಳಿದರು. ಕೊಡಬಹುದು ಎಂದ ಮೇಲೆ ಮನೆಗೆ ಬರುವ ದಾರಿಯಲ್ಲೇ ಯಾರದೋ ಮನೆಯ ಮುಂದೆ ನಿಲ್ಲಿಸಿ ಒಂದು ತಂಬಿಗೆ ನೀರು ಕುಡಿಸಿದರು. ಅಷ್ಟು ರುಚಿಯಾದ ನೀರನ್ನು ನಾನು ಕುಡಿದಿಲ್ಲ.

ಅವತ್ತು ಊಟವಾದ ಮೇಲೆ ಅತ್ತೆ ಎಲೆ ಅಡಿಕೆಯ ತಟ್ಟೆ ತಂದು ನನ್ನ ಮುಂದಿಟ್ಟರು. ಅದರಲ್ಲಿ ಅವರ ಅಡಕತ್ತರಿ ಇತ್ತು, ಹಳೆಯದು, ಹಿಡಿ ಸವೆದು ಹೊಳೆಯುತ್ತಿದ್ದದ್ದು.

“ವಸಿ ಅಡಿಕೆ ಕತ್ತರಿಸ್ಕೊಡು ಮಗ. ಸಣ್ಣಕೆ ಇರ್ಲಿ. ನಂಗೆ ಹಲ್ಲಿಲ್ಲ, ದಪ್ಪ ಆದ್ರೆ ಅಗಿಯಕ್ಕಾಗಾಕಿಲ್ಲ.”

ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಮಗು ಅಲ್ಲೇ ಚಾಪೆಯ ಮೇಲೆ ಕೈಕಾಲು ಆಡಿಸುತ್ತಿತ್ತು. “ಬ್ಯಾಡಿ ಅತ್ತೆಮ್ಮ, ನನ್ನ ಕೈಗೆ ಅದ್ನ ಕೊಡಬ್ಯಾಡಿ,” ಎಂದೆ.

“ಇನ್ಯಾರ ಕೈಗೆ ಕೊಡ್ಲಿ? ನಿನ್ನ ಗಂಡನ ಕೈಗೆ ಕೊಟ್ರೆ ಬೆರಳು ಕತ್ತರಿಸ್ಕತಾನೆ,” ಎಂದು ಕಾಲು ಚಾಚಿ ಗೋಡೆಗೆ ಒರಗಿ ಕೂತರು. ನಾನು ಅಡಕತ್ತರಿ ತೆಗೆದುಕೊಂಡು ಒತ್ತಿದರೆ ಅಡಿಕೆ ಹಾರಿ ಮೂಲೆಗೆ ಬಿತ್ತು. ಅದನ್ನು ಎತ್ತಿಕೊಂಡು ಬಾ ಎಂದರು. ಒಂದೇ ಒಂದು ಅಡಿಕೆ ಚೂರು ಮಾಡುವುದಕ್ಕೆ ನಾನು ತೆಗೆದುಕೊಂಡ ಹೊತ್ತಿನಲ್ಲಿ ಇನ್ನೊಬ್ಬರು ಅಡಿಗೆ ಮಾಡಿ ಮುಗಿಸುತ್ತಿದ್ದರು. ಅತ್ತೆ ಬಾಯಿಗೆ ಹಾಕಿಕೊಂಡು, “ದಪ್ಪ ಆಯ್ತು. ನಾಳೆ ಇನ್ನೂ ಸಣ್ಣಕೆ ಮಾಡು,” ಎಂದರು. ನಾಳೆ ಎಂಬ ಮಾತನ್ನು ನನ್ನ ಜೊತೆ ಯಾರೂ ಆಡದೆ ಬಹಳ ದಿನವಾಗಿತ್ತು.

ಹೀಗೆ ಶುರುವಾಯಿತು ನನ್ನ ದಿನಚರಿ. ಅತ್ತೆ ಅದನ್ನು ಔಷಧಿ ಎನ್ನಲಿಲ್ಲ, ಉಪದೇಶವನ್ನಂತೂ ಮಾಡಲೇ ಇಲ್ಲ. ಬೆಳಕು ಹರಿಯುವಾಗ ಎದ್ದು ಜಗಲಿಯ ಮೇಲೆ ಮೂಡಲಿಗೆ ಮುಖ ಮಾಡಿ ಕೂರಬೇಕು, ಅಷ್ಟೇ. ನನ್ನ ತಲೆ ನಾನೇ ಬಾಚಿಕೊಳ್ಳಬೇಕು. ಗಂಟಾಗಿದ್ದ ಕೂದಲಿಗೆ ಎಣ್ಣೆ ಸುರಿದು ಬಾಚಣಿಗೆ ಕೈಗೆ ಕೊಟ್ಟು ಹೋಗಿಬಿಡುತ್ತಿದ್ದರು. ಸ್ನಾನ ಮಾಡಿ ಲಿಂಗಪೂಜೆಗೆ ಕೂರು ಎಂದಾಗ ನನಗೆ ಮಂತ್ರ ಬಾಯಿಗೆ ಬರುತ್ತಿರಲಿಲ್ಲ, ಮನಸ್ಸು ನಿಲ್ಲುತ್ತಿರಲಿಲ್ಲ, ಇಂಥವಳು ಶಿವನನ್ನು ಮುಟ್ಟಬಹುದೇ ಎಂದು ಕೇಳಿದೆ.

“ಮಂತ್ರ ಬ್ಯಾಡ ಬುಡು. ಅಂಗೈ ಮ್ಯಾಲೆ ಮಡಿಕ್ಕಂಡು ಸುಮ್ಕೆ ಕುಂತ್ಕೊ. ಶಿವನ್ನೇ ಮಡಗೋ ಕೈ ಅದು, ಅದಕ್ಕೆ ನೀನು ಎದರ್ಕತೀಯಾ?”

ಈ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಅಂಗೈ ಮೇಲೆ ಲಿಂಗವಿಟ್ಟುಕೊಂಡು, ಮಂತ್ರವಿಲ್ಲದೆ, ಬರೀ ನನ್ನ ಕೈಯನ್ನೇ ನೋಡುತ್ತಾ ಕೂರುತ್ತಿದ್ದೆ. ಅದು ಅಲುಗಾಡದೆ ಇರುತ್ತಿತ್ತು. ಪೂಜೆ ಎಂದರೆ ಅದೋ ಅಲ್ಲವೋ ನನಗೆ ಗೊತ್ತಿಲ್ಲ, ಆ ಹೊತ್ತಿಗೆ ಉಸಿರು ಸರಾಗವಾಗುತ್ತಿತ್ತು.

ಬಿಸಿಲು ಏರುವ ಮುಂಚೆ ಸಣ್ಣ ಬಿಂದಿಗೆ ಹಿಡಿದು ಲಕ್ಷ್ಮಣತೀರ್ಥದ ಹೊಳೆಗೆ ಅತ್ತೆಯ ಹಿಂದೆ ನಡೆಯಬೇಕು. ಮನೆಯಲ್ಲಿ ಬಾವಿಯಿತ್ತು, ಹೊಳೆ ನೀರು ನಮಗೆ ಬೇಕಾಗಿರಲಿಲ್ಲ. ತಂದ ನೀರನ್ನು ಅತ್ತೆ ಕನಕಾಂಬರದ ಗಿಡಗಳಿಗೆ ಸುರಿಯುತ್ತಿದ್ದರು. ಸಂಜೆ ಒಂದು ಪ್ರಶ್ನೆ ಕೇಳುತ್ತಿದ್ದರು, “ಇವತ್ತು ಎಂಗದೆ?” ಚೆನ್ನಾಗಿದೆ ಎಂದು ಸುಳ್ಳು ಹೇಳಿದರೆ ಕೇಳಿಸದವರಂತೆ ಇರುತ್ತಿದ್ದರು. ಕೆಟ್ಟದಾಗಿದೆ ಎಂದರೆ, “ಸರಿ, ಉಣ್ಣು ಬಾ,” ಎನ್ನುತ್ತಿದ್ದರು. ಕೆಟ್ಟದ್ದು ಎಂದರೂ ಯಾರೂ ಬೆಚ್ಚಿಬೀಳದೆ ಅನ್ನ ಬಡಿಸುವ ಮನೆಯಲ್ಲಿ ಇರುವುದು ಎಷ್ಟು ದೊಡ್ಡ ಭಾಗ್ಯ ಎಂದು ಅನುಭವಿಸಿದವರಿಗೇ ಗೊತ್ತು.

ನಮ್ಮ ಯಜಮಾನರನ್ನು ಮರೆಯಬಾರದು. ಪೇಟೆಬೀದಿಯ ನಮ್ಮ ಅಂಗಡಿಯಲ್ಲಿ ಬಾಯಿ ತುಂಬ ಮಾತಾಡುವ ಮನುಷ್ಯ ನನ್ನ ಮುಂದೆ ಬಂದರೆ ಮೂಕ. ಮೈಸೂರಿಗೆ ಹೋದಾಗಲೆಲ್ಲ ಒಂದು ಟಾನಿಕ್ಕಿನ ಬಾಟಲಿ ತರುತ್ತಿದ್ದರು. ತುಕ್ಕು ಹಿಡಿದ ಬಾಣಲೆ ನೆಕ್ಕಿದ ರುಚಿ. ನಾನು ಕುಡಿಯುವವರೆಗೂ ಎದುರಿಗೆ ನಿಂತು, ಕುಡಿದ ಮೇಲೆ ಬೆಲ್ಲದ ಚೂರು ಕೊಟ್ಟು ಹೋಗುತ್ತಿದ್ದರು. ಮತ್ತೊಂದು ಮದುವೆ ಮಾಡಿಕೋ ಎಂದ ತಮ್ಮ ಚಿಕ್ಕಪ್ಪನನ್ನು ಅಂಗಡಿ ಮೆಟ್ಟಿಲು ಇಳಿಸಿದ್ದರಂತೆ. ನನಗೆ ಅದನ್ನು ಅವರು ಇವತ್ತಿಗೂ ಹೇಳಿಲ್ಲ, ಅತ್ತೆ ಹೇಳಿದ್ದು.

ಮಧ್ಯಾಹ್ನದ ಅಡಿಕೆ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಯ ಹಲೀಮಾಬಿ ಬರುತ್ತಿದ್ದರು. ಅವರ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುವವರು. ಹಲೀಮಾಬಿ ಹೊಲಿಗೆ ತಂದು ಕೂತು ಪೇಟೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಒಂದು ದಿನ ಅತ್ತೆ ಒಳಗೆ ಹೋದಾಗ ಸೂಜಿ ನಿಲ್ಲಿಸಿ, ತಲೆಯೆತ್ತದೆ ಹೇಳಿದರು. “ನಂಗೂ ಹಿಂಗೇ ಆಗಿತ್ತು ಪಾರ್ವತಮ್ಮ. ಎರಡ್ನೇ ಮಗು ಆದಾಗ. ಮಗು ಎತ್ಕೊಂಡು ಬಾವಿ ಹತ್ರ ಹೋಗೋಕೆ ಭಯ. ಯಾ ಅಲ್ಲಾ, ಏನು ಭಯ ಅದು.”

“ಆಮೇಲೆ?”

“ಆಮೇಲೆ ಏನು, ಹೋಯ್ತು. ಆ ಮಗುನೇ ಅಲ್ವಾ ಈಗ ಅಪ್ಪನ ಜೊತೆ ತಿದಿ ಒತ್ತೋದು, ಹಂಡೆಯಷ್ಟು ಗಾತ್ರ ಆಗಿದಾನೆ. ಯಾರ್ಗೂ ಹೇಳಿಲ್ಲ ನಾನು. ನಿಮ್ಮತ್ತೆಗೆ ಮಾತ್ರ ಗೊತ್ತು.” ಸೂಜಿ ಮತ್ತೆ ಓಡಿತು. ನಾನು ಆ ಹೊತ್ತಿನಲ್ಲಿ ನಕ್ಕೆನೋ ಅತ್ತೆನೋ ನೆನಪಿಲ್ಲ, ಎರಡೂ ಇರಬೇಕು. ಅತ್ತೆ ದಿನಾ ಅವರನ್ನು ಅಡಿಕೆ ಹೊತ್ತಿಗೇ ಏಕೆ ಕರೆಯುತ್ತಿದ್ದರು ಎಂದು ಆಗ ಹೊಳೆಯಿತು.

ಕೆಟ್ಟ ದಿನಗಳು ನಿಲ್ಲಲಿಲ್ಲ. ಎರಡು ದಿನ ಹಗುರಾಗಿ ಮೂರನೆಯ ದಿನ ಮತ್ತೆ ಅದೇ ಬರಿದು. ಅಂಥ ದಿನವೂ ತಲೆ ಬಾಚುವುದು ತಪ್ಪುವಂತಿರಲಿಲ್ಲ, ಅಡಿಕೆಯೂ ತಪ್ಪುವಂತಿರಲಿಲ್ಲ. ಅದರ ಜೊತೆಗೆ ಮಗುವಿನ ಕೆಲಸಗಳು ಒಂದೊಂದಾಗಿ ನನ್ನ ಕಡೆ ಸರಿದವು. ಒಳಲೆಯಲ್ಲಿ ಹಸುವಿನ ಹಾಲು ಕುಡಿಸುವುದು, ತೊಟ್ಟಿಲು ತೂಗುವುದು, ಆಮೇಲೆ ಅತ್ತೆ ಮಗುವನ್ನು ಕಾಲ ಮೇಲೆ ಹಾಕಿಕೊಂಡಾಗ ತಂಬಿಗೆಯಲ್ಲಿ ನೀರು ಮೊಗೆದು ಕೊಡುವುದು. ಮಗುವಿನ ಮೇಲೆ ನಾನೇ ನೀರು ಹುಯ್ಯುವುದು ಮಾತ್ರ ಸಾಧ್ಯವೇ ಇಲ್ಲ ಎಂದುಕೊಂಡಿದ್ದೆ. ಅದಾದರೆ ನಾನು ತಾಯಿ, ಇಲ್ಲದಿದ್ದರೆ ಈ ಮನೆಯಲ್ಲಿ ಅಡಿಕೆ ಕತ್ತರಿಸುವವಳು, ಅಷ್ಟೇ.

ಒಂದು ಬೆಳಗ್ಗೆ ಬಚ್ಚಲಲ್ಲಿ ನೀರು ಕಾದಿತ್ತು, ಮಗುವಿಗೆ ಎಣ್ಣೆ ಹಚ್ಚಿ ಆಗಿತ್ತು. ಅತ್ತೆ ಸೊಂಟ ಹಿಡಿದುಕೊಂಡು ನಿಂತರು. “ಇವತ್ತು ಕೂರಕ್ಕಾಗಾಕಿಲ್ಲ ಮಗ, ಸೊಂಟ ಇಡ್ಕಂಡದೆ. ನೀನೇ ಆಕ್ಬುಡು ನೀರ.” ಅದೇ ಬೆಳಗ್ಗೆ ಹೊಳೆಯಿಂದ ಬಿಂದಿಗೆ ಹೊತ್ತು ನನಗಿಂತ ಮುಂದೆ ನಡೆದು ಬಂದವರು ಅವರು. ನನಗೆ ಸುಳ್ಳೆಂದು ಗೊತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತು.

ಕಾಲು ಚಾಚಿ ಕೂತೆ. ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿ ಅತ್ತೆ ಹೊರಗೆ ಹೋಗಿ ಬಚ್ಚಲ ಹೊಸ್ತಿಲ ಮೇಲೆ ಕೂತರು, ನಮ್ಮ ಕಡೆಗೆ ಬೆನ್ನು ಮಾಡಿ. ಹಿತ್ತಲಿನ ಕನಕಾಂಬರ ನೋಡುತ್ತಾ ಬಾಯಿಗೆ ಅಡಿಕೆ ಹಾಕಿಕೊಂಡರು. ಆ ಯೋಚನೆ ಬಂತು, ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇದು ಕಾಯಿಲೆದು, ನನ್ನದಲ್ಲ ಎಂದು ಡಾಕ್ಟರ ಮಾತನ್ನೇ ಬಾಯಲ್ಲಿ ಹೇಳಿಕೊಂಡೆ. ಮೊಣಕೈ ಅದ್ದಿ ಬಿಸಿ ನೋಡಿದೆ, ತಣ್ಣೀರು ಬೆರೆಸಿ ಮತ್ತೆ ನೋಡಿದೆ. ಎದುರಿಗೆ ಆ ಬೆನ್ನು ಇತ್ತು. ಒಂದು ಸಲವೂ ತಿರುಗಲಿಲ್ಲ. ನನ್ನ ಮೇಲೆ ನನಗಿಲ್ಲದ ನಂಬಿಕೆ ಈ ಹೆಂಗಸಿಗೆ ಇದೆಯಲ್ಲ ಎಂದುಕೊಂಡು ಮೊದಲ ತಂಬಿಗೆ ಹುಯ್ದೆ. ಗಂಗೆ ಕಿರುಚಲಿಲ್ಲ. ಬಾಯಿ ಚಪ್ಪರಿಸಿ ನನ್ನ ಮುಖ ನೋಡಿದಳು. ಅವಳ ತಲೆಗೆ, ಎದೆಗೆ, ಬೆನ್ನಿಗೆ ನನ್ನ ಕೈಯಾರೆ ನೀರು ಹಾಕಿ, ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದು ಎತ್ತಿಕೊಂಡು ಹೊರಗೆ ಬಂದೆ. ಅತ್ತೆ ಎದ್ದು, “ಆಯ್ತಾ? ಸರಿ,” ಎಂದು ಒಳಗೆ ನಡೆದರು.

ಎರಡನೆಯ ಹೆರಿಗೆಯಾದ ಮೇಲೆ ಆ ಕಾಯಿಲೆ ಮತ್ತೆ ಬಂದು ಬಾಗಿಲು ತಟ್ಟಿತು. ಆಗ ಗುರುತು ಸಿಕ್ಕಿತ್ತು. ಮೊದಲ ವಾರವೇ ಅತ್ತೆಗೆ ಹೇಳಿದೆ, ಡಾಕ್ಟರ ಹತ್ತಿರ ಹೋದೆ, ಜಗಲಿ, ಬಾಚಣಿಗೆ, ಹೊಳೆ, ಅಡಿಕೆ ಯಾವುದನ್ನೂ ಬಿಡಲಿಲ್ಲ. ಜೋರಾಗಿ ಬಂದರೂ ಈ ಸಲ ಅದು ನಿಲ್ಲಲಾರದೆ ಹೋಯಿತು. ಈಗಲೂ ಮೋಡ ಕವಿದ ಮನಸ್ಸಿನಲ್ಲಿ ಏಳುವ ದಿನಗಳುಂಟು. ಎದ್ದು ತಲೆ ಬಾಚಿಕೊಳ್ಳುತ್ತೇನೆ.

ಅತ್ತೆ ತೀರಿಕೊಳ್ಳುವ ಹಿಂದಿನ ವರ್ಷ, ಒಂದು ಮಧ್ಯಾಹ್ನ ಅವರಿಗೆ ಅಡಿಕೆ ಕತ್ತರಿಸುತ್ತಾ, ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಗಂಗೆ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು.

“ಅತ್ತೆಮ್ಮ, ಅವತ್ತು ಬಚ್ಚಲಲ್ಲಿ ನನ್ನ ಕೈಗೆ ಕೂಸ್ನ ಕೊಟ್ಟು ಬೆನ್ನು ಮಾಡಿ ಕುಂತಿದ್ರಲ್ಲ. ನಿಮಗೆ ಒಂದೀಟೂ ಎದ್ರಿಕೆ ಆಗ್ನಿಲ್ವಾ?”

ಅತ್ತೆ ಗಂಗೆಯನ್ನೇ ನೋಡುತ್ತಿದ್ದರು.

“ಆಗ್ದೆ ಏನು ಮಗ. ಬಾಯಾಗಿನ ಅಡಿಕೆ ಅಂಗೇ ಇತ್ತು, ಅಗಿಯಕ್ಕೇ ಆಗ್ನಿಲ್ಲ. ಅದ್ಕೇ ಬೆನ್ನು ಮಾಡಿ ಕುಂತಿದ್ದು. ನನ್ನ ಮೊಕ ನೋಡಿದ್ರೆ ನಿಂಗೆ ಗೊತ್ತಾಗ್ಬುಡೋದು,” ಎಂದು ಅಂಗೈ ಚಾಚಿದರು. “ಎಲ್ಲಿ, ಅಡಿಕೆ ಕೊಡು.”